ಒಂಟಿ ಜೋಡಿ ಎಲ್ಲಿದೆ, ಹೈಡ್ರೋಜನ್ ಎಷ್ಟಿದೆ: ಅಮೀನ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ಸಾವಯವ ಅಮೀನ್‌ಗಳ ಸುತ್ತಲೇ ಇವೆ. ಅಮೋನಿಯಾದ ಮೂರು ಹೈಡ್ರೋಜನ್‌ಗಳಲ್ಲಿ ಒಂದರ ಜಾಗಕ್ಕೆ ಇಂಗಾಲದ ಗುಂಪು ಬಂದರೆ ಅದು ಪ್ರಾಥಮಿಕ ಅಮೀನ್, ಎರಡರ ಜಾಗಕ್ಕೆ ಬಂದರೆ ದ್ವಿತೀಯಕ, ಮೂರಕ್ಕೂ ಬಂದರೆ ತೃತೀಯಕ. ಇಲ್ಲೇ ಒಂದು ಎಚ್ಚರಿಕೆ ಬೇಕು. ಆಲ್ಕೋಹಾಲ್‌ಗಳಲ್ಲಿ ಎಣಿಸುವುದು ಇಂಗಾಲದ ಮೇಲಿನ ಗುಂಪುಗಳನ್ನು, ಅಮೀನ್‌ಗಳಲ್ಲಿ ಎಣಿಸುವುದು ನೈಟ್ರೋಜನ್ ಮೇಲಿನ ಗುಂಪುಗಳನ್ನು. ಆದ್ದರಿಂದ ಟರ್ಷಿಯರಿ ಬ್ಯುಟೈಲ್ ಆಲ್ಕೋಹಾಲ್ ತೃತೀಯಕವಾದರೆ, ಟರ್ಷಿಯರಿ ಬ್ಯುಟೈಲ್ ಅಮೀನ್ ಪ್ರಾಥಮಿಕ. ಬಂದ ಪ್ರಶ್ನೆಗಳಲ್ಲಿ ಎರಡು ಈ ಗೊಂದಲದಿಂದಲೇ ಹುಟ್ಟಿದ್ದವು, ಅವನ್ನು ಇಲ್ಲಿಗೇ ಮುಗಿಸಿದ್ದೇವೆ.

ಪ್ರಶ್ನೆ: ಪ್ರೊಪೈಲ್ ಅಮೀನ್, ಈಥೈಲ್ ಮೀಥೈಲ್ ಅಮೀನ್, ಟ್ರೈಮೀಥೈಲ್ ಅಮೀನ್ ಮೂರರ ಅಣುತೂಕವೂ 59. ಆದರೂ ಕುದಿಬಿಂದುಗಳಲ್ಲಿ ಇಷ್ಟು ಅಂತರ ಏಕೆ? ಟ್ರೈಮೀಥೈಲ್ ಅಮೀನ್‌ಗೆ ಹೈಡ್ರೋಜನ್ ಬಂಧವೇ ಇಲ್ಲ ಎನ್ನುತ್ತಾರೆ, ಹಾಗಿದ್ದರೆ ಅದು ನೀರಿನಲ್ಲಿ ಕರಗುವುದು ಹೇಗೆ?

ಉತ್ತರ: ಮೊದಲು ಅಂಕಿಗಳು. ಪ್ರೊಪೈಲ್ ಅಮೀನ್ ಕುದಿಯುವುದು 48 ಡಿಗ್ರಿ ಸೆಲ್ಸಿಯಸ್‌ಗೆ, ಈಥೈಲ್ ಮೀಥೈಲ್ ಅಮೀನ್ ಸುಮಾರು 36ಕ್ಕೆ, ಟ್ರೈಮೀಥೈಲ್ ಅಮೀನ್ 3ಕ್ಕೆ. ಹೆಚ್ಚುಕಡಿಮೆ ಇದೇ ತೂಕದ ಬ್ಯುಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೇ ಕುದಿಯುತ್ತದೆ, 1-ಪ್ರೊಪನಾಲ್‌ಗೆ 97 ಡಿಗ್ರಿ ಬೇಕು. ಐದನ್ನೂ ಒಂದೇ ಸಾಲಿನಲ್ಲಿಟ್ಟು ನೋಡಿ: ಟ್ರೈಮೀಥೈಲ್ ಅಮೀನ್ ನಿಂತಿರುವುದು ಹೈಡ್ರೋಕಾರ್ಬನ್ನಿನ ಪಕ್ಕದಲ್ಲಿ.

ಒಂದು ಅಣುವಿನ ನೈಟ್ರೋಜನ್‌ಗೆ ಅಂಟಿದ ಹೈಡ್ರೋಜನ್, ಪಕ್ಕದ ಅಣುವಿನ ನೈಟ್ರೋಜನ್‌ನ ಒಂಟಿ ಎಲೆಕ್ಟ್ರಾನ್ ಜೋಡಿಯನ್ನು ಹಿಡಿದುಕೊಳ್ಳುವುದೇ ಇಲ್ಲಿನ ಹೈಡ್ರೋಜನ್ ಬಂಧ. ಪ್ರಾಥಮಿಕ ಅಮೀನ್‌ನಲ್ಲಿ ಅಂಥ ಹೈಡ್ರೋಜನ್ ಎರಡು, ದ್ವಿತೀಯಕದಲ್ಲಿ ಒಂದು, ತೃತೀಯಕದಲ್ಲಿ ಒಂದೂ ಇಲ್ಲ. ಆಮ್ಲಜನಕದಷ್ಟು ಬಲವಾಗಿ ನೈಟ್ರೋಜನ್ ಎಲೆಕ್ಟ್ರಾನ್‌ಗಳನ್ನು ಎಳೆದುಕೊಳ್ಳುವುದಿಲ್ಲ. ಹಾಗಾಗಿ ಆಲ್ಕೋಹಾಲ್‌ನ ಹಿಡಿತ ಅಮೀನ್‌ಗೆ ಬರುವುದಿಲ್ಲ.

ಇನ್ನು ನೀರು. ಟ್ರೈಮೀಥೈಲ್ ಅಮೀನ್ ಹೈಡ್ರೋಜನ್ ಕೊಡಲಾರದು, ನಿಜ. ಆದರೆ ತೆಗೆದುಕೊಳ್ಳಲು ಅದರ ಒಂಟಿ ಜೋಡಿ ತೆರೆದೇ ಇದೆ, ಕೊಡುವ ಕೆಲಸ ನೀರಿನದು. ‘ಹೈಡ್ರೋಜನ್ ಬಂಧವೇ ಇಲ್ಲ’ ಎನ್ನುವುದಕ್ಕಿಂತ ‘ತಮ್ಮತಮ್ಮಲ್ಲೇ ಹೈಡ್ರೋಜನ್ ಬಂಧ ಇಲ್ಲ’ ಎನ್ನುವುದು ಸರಿ. ಇಂಗಾಲದ ಭಾಗ ಬೆಳೆದಂತೆ ಈ ಕೊಂಡಿ ಸಾಲದಾಗುತ್ತದೆ. ಬೆಂಜೀನ್ ಉಂಗುರಕ್ಕೆ ಅಮಿನೋ ಗುಂಪು ಅಂಟಿದ ಅನಿಲೀನ್ 100 ಮಿಲಿಲೀಟರ್ ನೀರಿನಲ್ಲಿ 3.6 ಗ್ರಾಂ ಮಾತ್ರ ಕರಗುತ್ತದೆ. ಟ್ರೈಈಥೈಲ್ ಅಮೀನ್‌ನ ವರ್ತನೆ ಇನ್ನೂ ಸ್ವಾರಸ್ಯಕರ: ಸುಮಾರು 18 ಡಿಗ್ರಿಗಿಂತ ತಣ್ಣಗಿದ್ದರೆ ನೀರಿನೊಂದಿಗೆ ಪೂರ್ತಿ ಬೆರೆಯುತ್ತದೆ, ಬಿಸಿ ಮಾಡಿದರೆ ಎರಡು ಪದರಗಳಾಗಿ ಒಡೆಯುತ್ತದೆ. ಬಿಸಿಯಾದರೆ ಹೆಚ್ಚು ಕರಗಬೇಕು ಎಂದು ನಂಬಿದವರು ಇಲ್ಲಿ ಎಡವುತ್ತಾರೆ. ನೀರಿನ ಅಣುಗಳು ಅಮೀನ್ ಸುತ್ತ ಕಟ್ಟಿಕೊಂಡ ಶಿಸ್ತಿನ ಬಂಧಗಳು ಶಾಖಕ್ಕೆ ಸಡಿಲವಾಗುವುದೇ ಇದಕ್ಕೆ ಕಾರಣ.

‘ಪ್ರಾಥಮಿಕ, ದ್ವಿತೀಯಕ, ತೃತೀಯಕ, ಈ ಕ್ರಮದಲ್ಲಿ ಕುದಿಬಿಂದು ಇಳಿಯುತ್ತದೆ’ ಎಂಬ ಸೂತ್ರವನ್ನು ಕಣ್ಣುಮುಚ್ಚಿ ಬಳಸಬೇಡಿ. ನಾಲ್ಕು ಇಂಗಾಲದ ಪ್ರಾಥಮಿಕ ಅಮೀನ್‌ಗಳನ್ನೇ ತೆಗೆದುಕೊಳ್ಳಿ: ನೇರ ಸರಪಳಿಯ ಬ್ಯುಟೈಲ್ ಅಮೀನ್ 78 ಡಿಗ್ರಿ, ಐಸೋಬ್ಯುಟೈಲ್ 68, ಸೆಕೆಂಡರಿ ಬ್ಯುಟೈಲ್ 63, ಟರ್ಷಿಯರಿ ಬ್ಯುಟೈಲ್ ಸುಮಾರು 45. ನಾಲ್ಕರಲ್ಲೂ ನೈಟ್ರೋಜನ್ ಮೇಲೆ ಎರಡೆರಡು ಹೈಡ್ರೋಜನ್. ಕವಲೊಡೆದು ಅಣು ಚೆಂಡಿನಂತಾದಷ್ಟೂ ಅಣುಗಳು ಒಂದನ್ನೊಂದು ತಾಗುವ ಮೈ ಕಡಿಮೆಯಾಗುತ್ತದೆ, ನೈಟ್ರೋಜನ್ ಹತ್ತಿರ ಬರಲು ಜಾಗವೂ ಕಿರಿದಾಗುತ್ತದೆ. ದ್ವಿತೀಯಕವಾದ ಡೈಈಥೈಲ್ ಅಮೀನ್ ಸುಮಾರು 55 ಡಿಗ್ರಿಗೆ ಕುದಿಯುತ್ತದೆ, ಅಂದರೆ ಪ್ರಾಥಮಿಕವಾದ ಟರ್ಷಿಯರಿ ಬ್ಯುಟೈಲ್ ಅಮೀನ್‌ಗಿಂತ ಮೇಲೆ. ಸರಪಳಿಯ ಕವಲು ಒಂದೇ ತೆರನಾಗಿದ್ದಾಗ ಮಾತ್ರ ಆ ಸೂತ್ರ ನಿಲ್ಲುತ್ತದೆ.

ಪ್ರಶ್ನೆ: ನೀರಿನಲ್ಲಿ ಮೀಥೈಲ್ ಅಮೀನ್‌ಗಳ ಪ್ರತ್ಯಾಮ್ಲೀಯತೆಯ (ಪ್ರೋಟಾನ್ ಹಿಡಿಯುವ ಬಲದ) ಕ್ರಮ ದ್ವಿತೀಯಕ, ಪ್ರಾಥಮಿಕ, ತೃತೀಯಕ. ಈಥೈಲ್ ಅಮೀನ್‌ಗಳಲ್ಲಿ ತೃತೀಯಕವೂ ಪ್ರಾಥಮಿಕವೂ ಅಕ್ಕಪಕ್ಕ ಬಂದುಬಿಡುತ್ತವೆ. ಬಾಯಿಪಾಠ ಮಾಡದೆ ಇದನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಉತ್ತರ: ಬಾಯಿಪಾಠ ಬೇಡ ಎಂದದ್ದು ಒಳ್ಳೆಯದು, ಏಕೆಂದರೆ ಈ ಕ್ರಮ ಅಮೀನ್‌ನ ಸ್ವಂತ ಗುಣವಲ್ಲ, ಅಮೀನ್ ಮತ್ತು ನೀರಿನ ಜಂಟಿ ಗುಣ.

ಅಳತೆಗೆ ಬಳಸುವುದು ಸಂಯುಗ್ಮ ಆಮ್ಲದ ಪಿಕೆಎ. ಅಂದರೆ ಪ್ರೋಟಾನ್ ಹೊತ್ತ ಅಮೀನ್ ಅದನ್ನು ಬಿಟ್ಟುಕೊಡಲು ಎಷ್ಟು ಹಿಂಜರಿಯುತ್ತದೆ ಎಂಬ ಲೆಕ್ಕ. ಅಂಕಿ ದೊಡ್ಡದಾದಷ್ಟೂ ಪ್ರತ್ಯಾಮ್ಲ ಬಲಶಾಲಿ, ಒಂದೊಂದು ಅಂಕಕ್ಕೂ ಹತ್ತು ಪಟ್ಟು ವ್ಯತ್ಯಾಸ. ಅಮೋನಿಯಾ 9.25, ಮೀಥೈಲ್ ಅಮೀನ್ 10.6, ಡೈಮೀಥೈಲ್ ಅಮೀನ್ 10.7, ಟ್ರೈಮೀಥೈಲ್ ಅಮೀನ್ 9.8.

ನೀರನ್ನು ತೆಗೆದುಹಾಕಿ ಅನಿಲ ರೂಪದಲ್ಲಿ ಅಳೆದರೆ ಗೊಂದಲವೇ ಇಲ್ಲ. ಪ್ರೋಟಾನ್ ಹಿಡಿದಾಗ ಹೊರಬರುವ ಶಕ್ತಿ ಅಮೋನಿಯಾಕ್ಕೆ ಮೋಲ್‌ಗೆ 854 ಕಿಲೋಜೂಲ್, ಮೀಥೈಲ್‌ಗೆ 899, ಡೈಮೀಥೈಲ್‌ಗೆ 930, ಟ್ರೈಮೀಥೈಲ್‌ಗೆ 949. ಪ್ರತಿ ಮೀಥೈಲ್ ಗುಂಪೂ ನೈಟ್ರೋಜನ್ ಕಡೆ ಎಲೆಕ್ಟ್ರಾನ್ ತಳ್ಳಿ ಧನ ಆವೇಶವನ್ನು ಹಂಚಿಕೊಳ್ಳುತ್ತದೆ. ಮೆಟ್ಟಿಲು ಮೇಲೇರುತ್ತಲೇ ಹೋಗುತ್ತದೆ. ಆದರೆ ಏರಿಕೆಯನ್ನು ಗಮನಿಸಿ: ಮೊದಲ ಮೀಥೈಲ್ 45 ಕೊಟ್ಟರೆ ಎರಡನೆಯದು 31, ಮೂರನೆಯದು 19.

ನೀರಿಗೆ ಇಳಿದಾಗ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಪ್ರೋಟಾನ್ ಹೊತ್ತ ಅಯಾನನ್ನು ನೀರು ಹಿಡಿದು ನಿಲ್ಲಿಸುವುದು ಅದರ ನೈಟ್ರೋಜನ್ ಮೇಲಿನ ಹೈಡ್ರೋಜನ್‌ಗಳ ಮೂಲಕ. ಅಮೋನಿಯಂನಲ್ಲಿ ಅವು ನಾಲ್ಕು, ಮೀಥೈಲ್ ಅಮೋನಿಯಂನಲ್ಲಿ ಮೂರು, ಮುಂದೆ ಎರಡು, ಕೊನೆಗೆ ಒಂದೇ ಒಂದು. ಒಂದೊಂದು ಮೀಥೈಲ್ ಸೇರಿದಾಗಲೂ ಎಲೆಕ್ಟ್ರಾನ್ ಲಾಭ ಕುಗ್ಗುತ್ತಿದೆ, ನೀರಿನ ಆಸರೆಯ ನಷ್ಟ ಮಾತ್ರ ಹಾಗೇ ಉಳಿದಿದೆ. ಎರಡನೆಯ ಮೀಥೈಲ್‌ಗೆ ಲಾಭನಷ್ಟ ಸರಿಸಮವಾಗುತ್ತದೆ, ಮೂರನೆಯದಕ್ಕೆ ನಷ್ಟವೇ ಗೆಲ್ಲುತ್ತದೆ.

ಈಥೈಲ್ ಗುಂಪು ಮೀಥೈಲ್‌ಗಿಂತ ದೊಡ್ಡದು, ಆವೇಶ ಹಂಚಿಕೊಳ್ಳುವ ಶಕ್ತಿ ತುಸು ಹೆಚ್ಚು. ಹಾಗಾಗಿ ಟ್ರೈಈಥೈಲ್ ಅಮೀನ್ 10.75ರಲ್ಲಿ ನಿಲ್ಲುತ್ತದೆ, ಈಥೈಲ್ ಅಮೀನ್ ಸುಮಾರು 10.7, ಡೈಈಥೈಲ್ ಅಮೀನ್ 11. ಇಷ್ಟು ಸಣ್ಣ ಅಂತರಗಳನ್ನು ‘ಕ್ರಮ’ ಎಂದು ಕರೆದು ಅಂಕ ಕೊಡುವ ಪರೀಕ್ಷೆಗಳ ಬಗ್ಗೆ ನಮಗೆ ಹೆಚ್ಚಿನ ಗೌರವವಿಲ್ಲ. 10.6 ಮತ್ತು 10.7ರ ನಡುವೆ ವಾದ ಮಾಡುವುದಕ್ಕಿಂತ, ಇವೆಲ್ಲ 10 ಅಥವಾ 11ರ ಆಸುಪಾಸು, ಅನಿಲೀನ್ ಮಾತ್ರ 4.6 ಎಂಬುದು ಹೆಚ್ಚು ಉಪಯೋಗಕ್ಕೆ ಬರುವ ಮಾತು.

ಪ್ರಶ್ನೆ: ಆ ಅನಿಲೀನ್ ಏಕೆ ಅಷ್ಟು ದುರ್ಬಲ? ಉಂಗುರದಲ್ಲಿರುವ ನೈಟ್ರೋಜನ್‌ಗಳಿಗೂ ಅದೇ ಕಾರಣವೇ?

ಉತ್ತರ: ಸೈಕ್ಲೋಹೆಕ್ಸೈಲ್ ಅಮೀನ್ 10.6, ಅನಿಲೀನ್ 4.6. ಇಬ್ಬರಿಗೂ ಆರು ಇಂಗಾಲದ ಉಂಗುರ. ಬಲದಲ್ಲಿ ಹತ್ತು ಲಕ್ಷ ಪಟ್ಟು ವ್ಯತ್ಯಾಸ. ಅನಿಲೀನ್‌ನಲ್ಲಿ ಒಂಟಿ ಜೋಡಿ ನೈಟ್ರೋಜನ್ ಮೇಲೆ ಪೂರ್ತಿ ಕೂತಿಲ್ಲ, ಅನುರಣನದಿಂದ ಉಂಗುರದೊಳಕ್ಕೆ ಹರಡಿಕೊಂಡಿದೆ. ಪ್ರೋಟಾನ್ ಹಿಡಿಯಬೇಕಾದರೆ ಆ ಹರಡುವಿಕೆಯ ಸುಖವನ್ನು ಬಿಡಬೇಕು. ಬೆಂಜೈಲ್ ಅಮೀನ್‌ನಲ್ಲಿ ನೈಟ್ರೋಜನ್ ಮತ್ತು ಉಂಗುರದ ನಡುವೆ ಒಂದೇ ಒಂದು ಇಂಗಾಲ ಅಡ್ಡ ಬಂದಿದೆ, ಅಷ್ಟಕ್ಕೇ ಪಿಕೆಎ 9.3ಕ್ಕೆ ಏರುತ್ತದೆ. ಎರಡು ಬೆಂಜೀನ್ ಉಂಗುರಗಳ ನಡುವೆ ಸಿಕ್ಕಿದ ಡೈಫಿನೈಲ್ ಅಮೀನ್ 0.8ಕ್ಕೆ ಇಳಿಯುತ್ತದೆ.

ಉಂಗುರದ ಮೇಲಿನ ಗುಂಪು ಯಾವುದು ಎಂಬುದರ ಜತೆಗೆ ಎಲ್ಲಿದೆ ಎಂಬುದೂ ಮುಖ್ಯ. ಅಮಿನೋ ಗುಂಪಿನ ಪಕ್ಕದ ಸ್ಥಾನ ಆರ್ಥೋ, ಅದರಾಚೆಯದು ಮೆಟಾ, ನೇರ ಎದುರಿನದು ಪ್ಯಾರಾ. ಪ್ಯಾರಾ ಸ್ಥಾನದಲ್ಲಿ ಮೀಥಾಕ್ಸಿ ಇದ್ದರೆ ಪಿಕೆಎ 5.3, ಮೀಥೈಲ್ ಇದ್ದರೆ 5.1, ಕ್ಲೋರೋ ಇದ್ದರೆ 4.0, ನೈಟ್ರೋ ಇದ್ದರೆ 1.0. ಅದೇ ನೈಟ್ರೋ ಮೆಟಾ ಸ್ಥಾನದಲ್ಲಿದ್ದರೆ 2.5. ಮೆಟಾದಲ್ಲಿ ಅದು ಎಲೆಕ್ಟ್ರಾನ್‌ಗಳನ್ನು ಬಂಧಗಳ ಮೂಲಕ ಎಳೆಯಬಲ್ಲದು ಅಷ್ಟೆ, ಪ್ಯಾರಾದಲ್ಲಿ ಒಂಟಿ ಜೋಡಿ ನೇರವಾಗಿ ನೈಟ್ರೋ ಗುಂಪಿನವರೆಗೆ ಹರಿಯಬಲ್ಲದು. ಆರ್ಥೋ ಸ್ಥಾನ ಲೆಕ್ಕ ತಪ್ಪಿಸುವ ಜಾಗ: ಮೀಥೈಲ್ ಎಲೆಕ್ಟ್ರಾನ್ ಕೊಡುವ ಗುಂಪಾದರೂ ಆರ್ಥೋ ಟೊಲುಯಿಡೀನ್ 4.4, ಅನಿಲೀನ್‌ಗಿಂತ ಕೆಳಗೆ. ಪ್ರೋಟಾನ್ ಹೊತ್ತು ಉಬ್ಬಿದ ಅಮೋನಿಯಂ ಗುಂಪಿಗೆ ಪಕ್ಕದ ಮೀಥೈಲ್ ಜಾಗ ಬಿಡುವುದಿಲ್ಲ, ನೀರನ್ನೂ ಹತ್ತಿರ ಸೇರಿಸುವುದಿಲ್ಲ.

ಇಕ್ಕಟ್ಟು ಎಂದರೆ ಬಲ ಕಡಿಮೆ ಎಂದು ತೀರ್ಮಾನಿಸಬೇಡಿ. 2,4,6-ಟ್ರೈನೈಟ್ರೋ ಅನಿಲೀನ್ ತೀರಾ ದುರ್ಬಲ ಪ್ರತ್ಯಾಮ್ಲ. ಅದರ ನೈಟ್ರೋಜನ್ ಮೇಲೆ ಎರಡು ಮೀಥೈಲ್ ಕೂರಿಸಿದರೆ ಬಲ ಸುಮಾರು 40,000 ಪಟ್ಟು ಹೆಚ್ಚುತ್ತದೆ! ಮೀಥೈಲ್‌ಗಳ ಎಲೆಕ್ಟ್ರಾನ್ ಕೊಡುಗೆಯಿಂದ ಇಷ್ಟಾಗುವುದು ಸಾಧ್ಯವಿಲ್ಲ. ಅಕ್ಕಪಕ್ಕದ ನೈಟ್ರೋಗಳಿಗೆ ಒತ್ತಿಕೊಂಡು ಡೈಮೀಥೈಲ್ ಅಮಿನೋ ಗುಂಪು ಉಂಗುರದ ಸಮತಲದಿಂದ ತಿರುಚಿಕೊಳ್ಳುತ್ತದೆ. ತಿರುಚಿದ ಮೇಲೆ ಒಂಟಿ ಜೋಡಿಗೆ ಉಂಗುರದೊಳಗೆ ಹರಿಯಲು ದಾರಿಯಿಲ್ಲ, ನೈಟ್ರೋಜನ್ ಮೇಲೇ ಉಳಿಯುತ್ತದೆ. ಒಂಟಿ ಜೋಡಿ ಎಲ್ಲಿದೆ ಎಂದು ಮೊದಲು ಕೇಳಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಉಂಗುರದೊಳಗಿನ ನೈಟ್ರೋಜನ್‌ಗಳ ಕಥೆ ಬೇರೆ. ಪಿರಿಡೀನ್ (5.2) ದುರ್ಬಲವಾಗಿರುವುದು ಅನುರಣನದಿಂದಲ್ಲ. ಅದರ ಒಂಟಿ ಜೋಡಿ ಉಂಗುರದ ಸಮತಲದಲ್ಲಿ ಹೊರಮುಖವಾಗಿದೆ, ಸುಗಂಧಿ ವ್ಯವಸ್ಥೆಯಲ್ಲಿ (ಉಂಗುರವಿಡೀ ಹರಡಿ ಅದನ್ನು ಸ್ಥಿರಗೊಳಿಸುವ ಎಲೆಕ್ಟ್ರಾನ್‌ಗಳಲ್ಲಿ) ಭಾಗವಹಿಸುವುದೇ ಇಲ್ಲ. ಆದರೆ ಅದು ಎಸ್‌ಪಿ2 ಕಕ್ಷಕದಲ್ಲಿ, ಅಂದರೆ ನ್ಯೂಕ್ಲಿಯಸ್‌ಗೆ ಇನ್ನಷ್ಟು ಹತ್ತಿರ ಬಿಗಿಯಾಗಿ ಕೂತಿದೆ. ಎಸ್‌ಪಿ3 ಆದ ಪಿಪೆರಿಡೀನ್‌ಗೆ 11.1. ಪಿರೋಲ್‌ನಲ್ಲಿ ಮಾತ್ರ ಒಂಟಿ ಜೋಡಿ ಸುಗಂಧಿ ಉಂಗುರದ ಆರು ಎಲೆಕ್ಟ್ರಾನ್‌ಗಳಲ್ಲಿ ಎರಡಾಗಿ ಮುಡಿಪಾಗಿದೆ. ಅದನ್ನು ಪ್ರತ್ಯಾಮ್ಲವೆಂದು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಪ್ರಯೋಗಾಲಯದಲ್ಲಿ ಸೈಕ್ಲೋಹೆಕ್ಸೈಲ್ ಅಮೀನ್, ಅನಿಲೀನ್, ಡೈಫಿನೈಲ್ ಅಮೀನ್ ಮೂರರ ಮಿಶ್ರಣವನ್ನು ಬೇರ್ಪಡಿಸಬೇಕು. ನೀರು ಬೆರೆಸಿದ ತೆಳು ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ಮೊದಲೆರಡು ಒಟ್ಟಿಗೇ ನೀರಿಗೆ ಹೋಗುತ್ತವೆ, ಡೈಫಿನೈಲ್ ಅಮೀನ್ ಕರಗುವುದೇ ಇಲ್ಲ. ಅಮೀನ್ ಎಂದಮೇಲೆ ಆಮ್ಲದಲ್ಲಿ ಕರಗಬೇಕಲ್ಲವೇ?

ಉತ್ತರ: ಪಿಕೆಎ 0.8 ಇರುವ ಅಮೀನ್ ತೆಳು ಆಮ್ಲದಲ್ಲಿ ಕರಗದಿರುವುದೇ ಸರಿ. ನಿಮ್ಮ ಆಮ್ಲದಲ್ಲಿ ದೋಷವಿಲ್ಲ.

ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ. ದ್ರಾವಣದ ಪಿಎಚ್, ಅಮೀನ್‌ನ ಪಿಕೆಎಗಿಂತ ಎರಡು ಅಂಕ ಕೆಳಗಿದ್ದರೆ ಶೇ 99ರಷ್ಟು ಅಮೀನ್ ಪ್ರೋಟಾನ್ ಹೊತ್ತು ಲವಣವಾಗಿ ನೀರಿಗೆ ಇಳಿಯುತ್ತದೆ. ಎರಡು ಅಂಕ ಮೇಲಿದ್ದರೆ ಶೇ 99ರಷ್ಟು ಈಥರ್‌ನಲ್ಲೇ (ನೀರಿನ ಮೇಲೆ ಬೇರೆ ಪದರವಾಗಿ ನಿಲ್ಲುವ ದ್ರಾವಕ) ಉಳಿಯುವ ಸ್ಥಿತಿಯಲ್ಲಿರುತ್ತದೆ. ಎರಡು ಅಮೀನ್‌ಗಳನ್ನು ಬೇರ್ಪಡಿಸಲು ಅವುಗಳ ಪಿಕೆಎಗಳ ನಡುಮಧ್ಯದ ಪಿಎಚ್ ಹಿಡಿಯಿರಿ. ಸೈಕ್ಲೋಹೆಕ್ಸೈಲ್ ಅಮೀನ್ ಮತ್ತು ಅನಿಲೀನ್‌ಗೆ ಅದು 7.6, ಅನಿಲೀನ್ ಮತ್ತು ಡೈಫಿನೈಲ್ ಅಮೀನ್‌ಗೆ 2.7.

ಒಂದೊಂದೂ 2 ಗ್ರಾಂ ಇದೆ ಎಂದುಕೊಳ್ಳೋಣ. ಮೂರನ್ನೂ 60 ಮಿಲಿಲೀಟರ್ ಈಥರ್‌ನಲ್ಲಿ ಕರಗಿಸಿ, 15 ಮಿಲಿಲೀಟರ್ ನೀರು ಸೇರಿಸಿ. ಸೈಕ್ಲೋಹೆಕ್ಸೈಲ್ ಅಮೀನ್‌ನ ಅಣುತೂಕ 99, ಅಂದರೆ 2 ಗ್ರಾಂ ಸುಮಾರು 20 ಮಿಲಿಮೋಲ್, ಅದಕ್ಕೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 20 ಮಿಲಿಲೀಟರ್ ಸಾಕು. ಇದನ್ನು ಒಮ್ಮೆಗೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ಹಾಕಿ, ಪ್ರತಿ ಸಲ ಕುಲುಕಿ, ನೀರಿನ ಪದರದ ಪಿಎಚ್ ನೋಡುತ್ತಾ ಹೋಗಿ. 7 ಮತ್ತು 8ರ ನಡುವೆ ಬಂದಾಗ ನಿಲ್ಲಿಸಿ. ಕೊಟ್ಟ ಆಮ್ಲವನ್ನು ಬಲಶಾಲಿ ಪ್ರತ್ಯಾಮ್ಲ ಮೊದಲು ಕಸಿದುಕೊಳ್ಳುವುದರಿಂದ ಅನಿಲೀನ್ ಈಥರ್‌ನಲ್ಲೇ ಇರುತ್ತದೆ. ಅನಿಲೀನ್ ನೀರಿನಲ್ಲಿ ತಾನಾಗಿಯೇ ಸ್ವಲ್ಪ ಕರಗುತ್ತದಾದ್ದರಿಂದ ಬೇರ್ಪಡಿಸಿದ ನೀರಿನ ಪದರವನ್ನು ಇನ್ನೆರಡು ಸಲ ತಾಜಾ ಈಥರ್‌ನಿಂದ ತೊಳೆದು, ಆ ಈಥರನ್ನು ಮೊದಲಿನದಕ್ಕೇ ಸೇರಿಸಿ. ಆಮೇಲೆ ಈಥರ್ ಪದರಕ್ಕೆ ಮತ್ತಷ್ಟು ನೀರು, ಇನ್ನೊಂದು 22 ಮಿಲಿಲೀಟರ್‌ನಷ್ಟು ಅದೇ ಆಮ್ಲ, ಪಿಎಚ್ 2.5 ರಿಂದ 2.7. ಅನಿಲೀನ್ ಕೆಳಗಿಳಿಯುತ್ತದೆ. ಈಥರ್‌ನಲ್ಲಿ ಉಳಿದದ್ದು ಡೈಫಿನೈಲ್ ಅಮೀನ್.

ನೀರಿನ ಪದರಗಳಿಂದ ಅಮೀನ್ ವಾಪಸು ಪಡೆಯಲು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ ಅನ್ನು ಪಿಕೆಎಗಿಂತ ಎರಡು ಅಂಕ ಮೇಲೆ ಒಯ್ಯಬೇಕು. ಅನಿಲೀನ್‌ಗೆ 7 ದಾಟಿದರೆ ಆಯಿತು, ಸೈಕ್ಲೋಹೆಕ್ಸೈಲ್ ಅಮೀನ್‌ಗೆ 12.6 ದಾಟಲೇಬೇಕು. ಕೆಂಪು ಲಿಟ್ಮಸ್ ನೀಲಿಯಾಯಿತೆಂದು ನಿಲ್ಲಿಸಿ ಅರ್ಧ ಮಾಲು ಕಳೆದುಕೊಳ್ಳುವವರು ಬಹಳ. ಸೈಕ್ಲೋಹೆಕ್ಸೈಲ್ ಅಮೀನ್ ನೀರಿನೊಂದಿಗೆ ಬೆರೆಯುವಂಥದ್ದು, ಆದ್ದರಿಂದ ದ್ರಾವಣಕ್ಕೆ ಉಪ್ಪನ್ನು ತಣಿಯುವಷ್ಟು ಕರಗಿಸಿ ಮೂರು ನಾಲ್ಕು ಸಲ ಈಥರ್‌ನಿಂದ ಎಳೆಯಿರಿ.

ಕೈಕೊಡುವ ಇನ್ನಷ್ಟು ಜಾಗಗಳಿವೆ. ಅಮೀನ್ ಒಣಗಿಸಲು ಕ್ಯಾಲ್ಸಿಯಂ ಕ್ಲೋರೈಡ್ ಬಳಸಬೇಡಿ, ಒಂಟಿ ಜೋಡಿ ಕ್ಯಾಲ್ಸಿಯಂಗೆ ಅಂಟಿಕೊಂಡು ಅಮೀನ್ ಅದರಲ್ಲೇ ಉಳಿದುಬಿಡುತ್ತದೆ. ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಗುಳಿಗೆಗಳು ಒಳ್ಳೆಯವು. ಪ್ರಾಥಮಿಕ ಅಮೀನ್ ಇದ್ದ ಪಾತ್ರೆಗೆ ಅಸಿಟೋನ್ ತಾಗಿಸಬೇಡಿ, ಎರಡೂ ಸೇರಿ ಇಮೀನ್ ಎಂಬ ಬೇರೆಯೇ ವಸ್ತುವಾಗುತ್ತದೆ. ಡೈಈಥೈಲ್ ಅಮೀನ್‌ನಂಥ ಹಗುರ ಅಮೀನ್ ಆದರೆ ಈಥರ್ ಆರಿಸುವಾಗ ಅದೂ ಹಾರಿಹೋಗುತ್ತದೆ, ಅಂಥದ್ದನ್ನು ಹೈಡ್ರೋಕ್ಲೋರೈಡ್ ಲವಣವಾಗಿಯೇ ಹಿಡಿದಿಡಿ. ಉದ್ದ ಸರಪಳಿಯ ಅಮೀನ್‌ಗಳ ಲವಣಗಳು ಸಾಬೂನಿನಂತೆ ನಡೆದುಕೊಳ್ಳುತ್ತವೆ, ಜೋರಾಗಿ ಕುಲುಕಿದರೆ ಪದರಗಳು ಬೇರೆಯಾಗದ ನೊರೆಹಾಲಿನಂಥ ಎಮಲ್ಷನ್ ಕೂರುತ್ತದೆ. ಆಗ ಉಪ್ಪುನೀರು ಹಾಕಿ ಸುಮ್ಮನೆ ಕಾಯಬೇಕು. ಅನಿಲೀನ್ ಚರ್ಮದ ಮೂಲಕವೂ ಮೈಗೆ ಸೇರಿ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಕೈಗವಸು, ಹೊಗೆಗೂಡು ಎರಡೂ ಕಡ್ಡಾಯ. ಈಥರ್ ಇರುವಲ್ಲಿ ಉರಿ ಬೇಡ.

ಪ್ರಶ್ನೆ: ಅಮೀನ್ ಪ್ರಾಥಮಿಕವೋ ದ್ವಿತೀಯಕವೋ ತೃತೀಯಕವೋ ಎಂದು ಗುರುತಿಸುವ ಹಿನ್ಸ್‌ಬರ್ಗ್ ಪರೀಕ್ಷೆಯಲ್ಲಿ, ಪ್ರಾಥಮಿಕ ಅಮೀನ್ ಎಂದು ಗೊತ್ತಿರುವುದಕ್ಕೇ ‘ದ್ವಿತೀಯಕ’ ಎಂಬ ಫಲಿತಾಂಶ ಬಂತು. ಎಲ್ಲಿ ತಪ್ಪಿರಬಹುದು?

ಉತ್ತರ: ಪರೀಕ್ಷೆ ನಿಂತಿರುವುದು ಒಂದು ಹೈಡ್ರೋಜನ್ ಮೇಲೆ. ಬೆಂಜೀನ್ ಸಲ್ಫೋನೈಲ್ ಕ್ಲೋರೈಡ್ ಜತೆ ಪ್ರಾಥಮಿಕ ಅಮೀನ್ ಕೊಡುವ ಸಲ್ಫೋನಮೈಡ್‌ನ ನೈಟ್ರೋಜನ್ ಮೇಲೆ ಇನ್ನೂ ಒಂದು ಹೈಡ್ರೋಜನ್ ಉಳಿದಿರುತ್ತದೆ. ಪಕ್ಕದ ಸಲ್ಫೋನೈಲ್ ಗುಂಪಿನ ಸೆಳೆತದಿಂದ ಅದು ಆಮ್ಲೀಯ, ಹಾಗಾಗಿ ಕ್ಷಾರದಲ್ಲಿ ಕರಗುತ್ತದೆ, ಆಮ್ಲ ಹಾಕಿದರೆ ಮತ್ತೆ ಗಟ್ಟಿಯಾಗಿ ಇಳಿಯುತ್ತದೆ. ದ್ವಿತೀಯಕದ ಉತ್ಪನ್ನದಲ್ಲಿ ಆ ಹೈಡ್ರೋಜನ್ ಇಲ್ಲ, ಕರಗುವುದಿಲ್ಲ. ತೃತೀಯಕದಿಂದ ಸ್ಥಿರ ಸಲ್ಫೋನಮೈಡ್ ಬರುವುದೇ ಇಲ್ಲ. ಉಳಿದ ಅಮೀನ್ ಆಮ್ಲದಲ್ಲಿ ಕರಗುತ್ತದೆ.

0.3 ಮಿಲಿಲೀಟರ್ ಅಮೀನ್‌ಗೆ ಶೇ 10ರ ಪೊಟ್ಯಾಷಿಯಂ ಹೈಡ್ರಾಕ್ಸೈಡ್ 5 ಮಿಲಿಲೀಟರ್, ಬೆಂಜೀನ್ ಸಲ್ಫೋನೈಲ್ ಕ್ಲೋರೈಡ್ 0.4 ಮಿಲಿಲೀಟರ್. ಬಿರಡೆ ಹಾಕಿ ಐದರಿಂದ ಹತ್ತು ನಿಮಿಷ ಕುಲುಕಿ, ಬಿಸಿಯಾದರೆ ತಣ್ಣೀರಿನಲ್ಲಿ ಹಿಡಿಯಿರಿ. ಕೊನೆಯಲ್ಲಿ ದ್ರಾವಣ ಬಲವಾಗಿ ಕ್ಷಾರೀಯವಾಗಿರಲೇಬೇಕು, ಇಲ್ಲದಿದ್ದರೆ ಪ್ರಾಥಮಿಕದ ಸಲ್ಫೋನಮೈಡ್ ಕರಗದೆ ಉಳಿದು ದ್ವಿತೀಯಕದಂತೆ ಕಾಣುತ್ತದೆ. ನಿಮಗೆ ಆಗಿರುವ ಸಂಭವ ಹೆಚ್ಚಿರುವುದು ಇದೇ. ಎರಡನೆಯ ಸಂಭವ: ಅಮೀನ್‌ನ ಇಂಗಾಲದ ಭಾಗ ದೊಡ್ಡದಿದ್ದು, ಉತ್ಪನ್ನದ ಲವಣವೇ ನೀರಿನಲ್ಲಿ ಕರಗದು. ಕರಗದೆ ಉಳಿದದ್ದಕ್ಕೆ ಹೆಚ್ಚು ನೀರು ಹಾಕಿ ನೋಡಿ. ಪೊಟ್ಯಾಷಿಯಂ ಲವಣ ಸಾಮಾನ್ಯವಾಗಿ ಸೋಡಿಯಂ ಲವಣಕ್ಕಿಂತ ಚೆನ್ನಾಗಿ ಕರಗುತ್ತದೆ ಎಂದೇ ಮೇಲೆ ಪೊಟ್ಯಾಷಿಯಂ ಹೇಳಿದ್ದು.

ತಳದಲ್ಲಿ ಎಣ್ಣೆಯಂತೆ ಕೂತದ್ದು ಉಳಿದ ಕಾರಕವಿರಬಹುದು, ಅದು ನೀರಿಗಿಂತ ಭಾರ. ಮೇಲೆ ತೇಲುವ ಎಣ್ಣೆ ಪ್ರತಿಕ್ರಿಯಿಸದ ಅಮೀನ್ ಇರಬಹುದು. ಡೈಮೀಥೈಲ್ ಅನಿಲೀನ್‌ನಂಥವು ಬಿಸಿಯಾದರೆ ನೇರಳೆ ಬಣ್ಣ ಕೊಟ್ಟು ಗಾಬರಿ ಹುಟ್ಟಿಸುತ್ತವೆ. 15ರಿಂದ 20 ಡಿಗ್ರಿಯಲ್ಲಿ ಮತ್ತೆ ಮಾಡಿ. ಇದರ ಬದಲು ನೈಟ್ರಸ್ ಆಮ್ಲದ ಪರೀಕ್ಷೆ ಮಾಡಬಹುದೇ ಎಂದು ಕೇಳುವವರಿಗೆ: ದ್ವಿತೀಯಕ ಅಮೀನ್‌ಗಳು ಅದರಲ್ಲಿ ನೈಟ್ರೋಸಮೀನ್ ಕೊಡುತ್ತವೆ, ಅವುಗಳಲ್ಲಿ ಅನೇಕವು ಕ್ಯಾನ್ಸರ್‌ಕಾರಕ. ಗುರುತಿಸುವ ಉದ್ದೇಶಕ್ಕಷ್ಟೇ ಅದನ್ನು ಮಾಡುವುದು ಸಲ್ಲ.

ಪ್ರಶ್ನೆ: ನೈಟ್ರೋಜನ್‌ಗೆ ಮೂರು ಬೇರೆಬೇರೆ ಗುಂಪು, ನಾಲ್ಕನೆಯದಾಗಿ ಒಂಟಿ ಜೋಡಿ. ಹಾಗಿದ್ದರೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎಡಗೈ ಬಲಗೈ ರೂಪಗಳು ಸಿಗಬೇಕಲ್ಲ?

ಉತ್ತರ: ರೂಪಗಳು ಇವೆ, ಬೇರ್ಪಡಿಸಲು ಪುರುಸೊತ್ತು ಸಿಗುವುದಿಲ್ಲ. ಗಾಳಿಗೆ ಕೊಡೆ ಮಗುಚಿಕೊಳ್ಳುವಂತೆ ನೈಟ್ರೋಜನ್‌ನ ಪಿರಮಿಡ್ ಸದಾ ಮಗುಚುತ್ತಿರುತ್ತದೆ. ಅಮೋನಿಯಾದಲ್ಲಿ ಇದಕ್ಕೆ ಅಡ್ಡಿ ಮೋಲ್‌ಗೆ ಸುಮಾರು 24 ಕಿಲೋಜೂಲ್ ಮಾತ್ರ, ಸಾಮಾನ್ಯ ಅಮೀನ್‌ಗಳಲ್ಲೂ ಕೋಣೆಯ ತಾಪದಲ್ಲಿ ತಡೆಯುವಷ್ಟಿಲ್ಲ. ಮಗುಚುವಾಗ ಬಂಧಗಳ ಕೋನ 120 ಡಿಗ್ರಿ ದಾಟಿ ಹೋಗಬೇಕು. ಮೂರು ಸದಸ್ಯರ ಅಜಿರಿಡೀನ್ ಉಂಗುರದಲ್ಲಿ ಒಳಕೋನ 60ರ ಆಸುಪಾಸು, ಅದನ್ನು 120ಕ್ಕೆ ಹಿಗ್ಗಿಸುವುದು ಕಷ್ಟ, ಹಾಗಾಗಿ ಮಗುಚುವಿಕೆ ನಿಧಾನವಾಗುತ್ತದೆ. ಚೌಕಟ್ಟಿನೊಳಗೆ ನೈಟ್ರೋಜನ್ ಅನ್ನು ಪೂರ್ತಿ ಕಟ್ಟಿಹಾಕಿದರೆ ಮಗುಚುವುದು ಅಸಾಧ್ಯ. 1887ರಲ್ಲಿ ಜೂಲಿಯಸ್ ಟ್ರೋಗರ್ ತಯಾರಿಸಿದ್ದ ಅಂಥ ಪ್ರತ್ಯಾಮ್ಲವೊಂದರ ಎರಡು ರೂಪಗಳನ್ನು 1944ರಲ್ಲಿ ವ್ಲಾಡಿಮಿರ್ ಪ್ರೆಲಾಗ್ ಮತ್ತು ವೀಲಾಂಡ್ ಬೇರ್ಪಡಿಸಿ ತೋರಿಸಿದರು. ನಾಲ್ಕೂ ಗುಂಪುಗಳಿರುವ ಚತುರ್ಥಕ ಅಮೋನಿಯಂ ಲವಣಗಳಲ್ಲಿ ಒಂಟಿ ಜೋಡಿಯೇ ಇಲ್ಲ, ಮಗುಚುವ ಮಾತೇ ಇಲ್ಲ.

ಪ್ರಶ್ನೆ: ಎಪಾಕ್ಸಿ ಲೇಪನದ ಕೆಲಸದಲ್ಲಿದ್ದೇನೆ. ರಾಳವನ್ನು ಗಟ್ಟಿಮಾಡುವ ಅಮೀನ್, ಅಂದರೆ ಹಾರ್ಡನರ್ ಬದಲಿಸಿದಾಗ ಅಳತೆಯೂ ಬದಲಾಗುತ್ತದೆ, ಗಟ್ಟಿಯಾಗುವ ವೇಗವೂ. ಕೆಲವು ಸಲ ಮೇಲ್ಮೈ ಜಿಡ್ಡಾಗಿ ಬಿಳಿಚಿಕೊಳ್ಳುತ್ತದೆ. ಇದಕ್ಕೂ ಅಮೀನ್‌ನ ರಚನೆಗೂ ಸಂಬಂಧವಿದೆಯೇ?

ಉತ್ತರ: ಮೂರಕ್ಕೂ ಇದೆ.

ಅಳತೆ ನಿರ್ಧಾರವಾಗುವುದು ನೈಟ್ರೋಜನ್ ಮೇಲಿನ ಹೈಡ್ರೋಜನ್‌ಗಳ ಸಂಖ್ಯೆಯಿಂದ. ಒಂದೊಂದು ಹೈಡ್ರೋಜನ್ ಒಂದೊಂದು ಎಪಾಕ್ಸಿ ಉಂಗುರವನ್ನು ತೆರೆಯುತ್ತದೆ. ಹಾರ್ಡನರ್‌ನ ಅಣುತೂಕವನ್ನು ಆ ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಿ, ರಾಳದ ಎಪಾಕ್ಸಿ ತುಲ್ಯತೂಕದಿಂದ (ಒಂದು ಎಪಾಕ್ಸಿ ಉಂಗುರದ ಪಾಲಿಗೆ ಬರುವ ರಾಳದ ತೂಕ) ಭಾಗಿಸಿದರೆ 100 ಗ್ರಾಂ ರಾಳಕ್ಕೆ ಬೇಕಾದ ಗ್ರಾಂಗಳು ಸಿಗುತ್ತವೆ. ರಾಳದ ತುಲ್ಯತೂಕ 190 ಎಂದಿಟ್ಟುಕೊಂಡರೆ: ಡೈಈಥಿಲೀನ್ ಟ್ರೈಅಮೀನ್ (103, ಹೈಡ್ರೋಜನ್ 5) ಸುಮಾರು 10.9 ಗ್ರಾಂ, ಟ್ರೈಈಥಿಲೀನ್ ಟೆಟ್ರಾಮೀನ್ (146, 6) 12.8, ಐಸೋಫೋರೋನ್ ಡೈಅಮೀನ್ (170, 4) 22.4, ಡೈಅಮಿನೋ ಡೈಫಿನೈಲ್ ಸಲ್ಫೋನ್ (248, 4) 32.7. ಮಾರುಕಟ್ಟೆಯ ಹಾರ್ಡನರ್‌ಗಳು ಹೆಚ್ಚಾಗಿ ಮಿಶ್ರಣಗಳಾಗಿರುವುದರಿಂದ ಡಬ್ಬಿಯ ಮೇಲಿನ ತುಲ್ಯತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಸುರಿಯುವುದು ದೊಡ್ಡ ತಪ್ಪು, ಮಿಕ್ಕ ಅಮೀನ್ ಜಾಲಕ್ಕೆ ಸರಿಯಾಗಿ ಸೇರದೆ ಲೇಪನವನ್ನು ಮೆದುಮಾಡುತ್ತದೆ.

ವೇಗ ನಿರ್ಧಾರವಾಗುವುದು ಒಂಟಿ ಜೋಡಿಯಿಂದ. ನೇರ ಸರಪಳಿಯ ಅಮೀನ್‌ಗಳಲ್ಲಿ ಅದು ಸ್ವತಂತ್ರ, ಕೋಣೆಯ ತಾಪದಲ್ಲೇ ಕೆಲಸ ಮುಗಿಯುತ್ತದೆ. ಉಂಗುರವುಳ್ಳ ಐಸೋಫೋರೋನ್ ಡೈಅಮೀನ್‌ನಲ್ಲಿ ಸುತ್ತಲಿನ ಇಕ್ಕಟ್ಟಿನಿಂದ ಸ್ವಲ್ಪ ನಿಧಾನ. ಬೆಂಜೀನ್ ಉಂಗುರಕ್ಕೆ ಅಂಟಿದ ಅಮೀನ್‌ಗಳಲ್ಲಿ ಅನಿಲೀನ್‌ಗೆ ಹೇಳಿದ ಕಾರಣವೇ ಮತ್ತೆ. ಸಲ್ಫೋನ್‌ನಲ್ಲಂತೂ ಪ್ಯಾರಾ ಸ್ಥಾನದ ಗುಂಪು ಎಲೆಕ್ಟ್ರಾನನ್ನು ಇನ್ನಷ್ಟು ಎಳೆದುಕೊಳ್ಳುವುದರಿಂದ 180 ಡಿಗ್ರಿಯವರೆಗೆ ಕಾಯಿಸಬೇಕಾಗುತ್ತದೆ. ಅದಕ್ಕೆ ಪ್ರತಿಫಲವಾಗಿ ಗಡುಸಾದ, ಶಾಖ ತಡೆಯುವ ಜಾಲ ಸಿಗುತ್ತದೆ. ತೃತೀಯಕ ಅಮೀನ್‌ಗಳಲ್ಲಿ ಹೈಡ್ರೋಜನ್ ಇಲ್ಲ, ಅವು ಈ ರೀತಿ ಜಾಲಕ್ಕೆ ಸೇರುವುದಿಲ್ಲ, ಅಲ್ಪ ಪ್ರಮಾಣದಲ್ಲಿ ವೇಗವರ್ಧಕವಾಗಿ ದುಡಿಯುತ್ತವೆ. ಸರಪಳಿ ಅಮೀನ್ ಬೆರೆಸಿದ ರಾಳವನ್ನು ಡಬ್ಬಿಯಲ್ಲೇ ರಾಶಿಯಾಗಿ ಬಿಟ್ಟರೆ ಹುಟ್ಟುವ ಶಾಖ ಹೊರಹೋಗದೆ ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಹರಡಿ.

ಬಿಳಿಚು ಜಿಡ್ಡು, ಗಾಳಿಯ ಕಾರ್ಬನ್ ಡೈಆಕ್ಸೈಡ್ ಮತ್ತು ತೇವ ಸೇರಿ ಅಮೀನ್‌ನೊಡನೆ ಮಾಡಿಕೊಂಡ ಕಾರ್ಬಮೇಟ್ ಲವಣ. ಎಪಾಕ್ಸಿಗಿಂತ ಮೊದಲು ಗಾಳಿ ಅಮೀನ್ ಅನ್ನು ತಲುಪಿದಾಗ ಹೀಗಾಗುತ್ತದೆ. ಬಲವಾದ, ಸಣ್ಣ ಅಣುವಿನ ಪ್ರಾಥಮಿಕ ಅಮೀನ್‌ಗಳು ಮೇಲ್ಮೈಗೆ ಬೇಗ ಬರುವುದರಿಂದ ಅವುಗಳಲ್ಲಿ ಈ ಕಾಟ ಹೆಚ್ಚು, ದುರ್ಬಲ ಸುಗಂಧಿ ಅಮೀನ್‌ಗಳಲ್ಲಿ ಇಲ್ಲವೆನ್ನಬಹುದು. ಬೆರೆಸಿದ ಮೇಲೆ ಹಾರ್ಡನರ್ ತಯಾರಕರು ಹೇಳಿದಷ್ಟು ಹೊತ್ತು ಕಾದು ಬಳಿಯಿರಿ, ಅಷ್ಟರಲ್ಲಿ ಸಣ್ಣ ಅಮೀನ್‌ಗಳು ರಾಳಕ್ಕೆ ಕಟ್ಟಿಕೊಂಡಿರುತ್ತವೆ. ಬಳಿಯುವ ಮೇಲ್ಮೈ ಇಬ್ಬನಿ ಕಟ್ಟುವ ತಾಪಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಲಿ. ಜಿಡ್ಡು ಆಗಲೇ ಬಂದಿದ್ದರೆ ಮುಂದಿನ ಪದರ ಬಳಿಯುವ ಮೊದಲು ಬೆಚ್ಚನೆ ನೀರಿನಲ್ಲಿ ಉಜ್ಜಿ ತೊಳೆಯಿರಿ. ಲವಣವಾದ್ದರಿಂದ ಅದು ನೀರಿಗೆ ಬರುತ್ತದೆ. ತೊಳೆಯದೆ ಮರಳುಕಾಗದ ಹಿಡಿದರೆ ಅದನ್ನು ಗೀರುಗಳೊಳಕ್ಕೆ ತುಂಬಿದಂತಾಗುತ್ತದೆ.

ಪ್ರಶ್ನೆ: ಊದಿಕೊಂಡು ಕೀವಾದ ಜಾಗದಲ್ಲಿ ಅರಿವಳಿಕೆ ಚುಚ್ಚುಮದ್ದು ಸರಿಯಾಗಿ ಹಿಡಿಯುವುದಿಲ್ಲ ಎನ್ನುತ್ತಾರೆ. ಅದು ಅಮೀನ್ ಎಂಬುದಕ್ಕೂ ಇದಕ್ಕೂ ನಂಟಿದೆಯೇ?

ಉತ್ತರ: ಇದೆ. ಅರಿವಳಿಕೆ ಮದ್ದಾದ ಲಿಡೋಕೇನ್‌ನ ಅಣುವಿನಲ್ಲಿ ಎರಡು ನೈಟ್ರೋಜನ್. ಒಂದು ಅಮೈಡ್‌ನದು, ಅದರ ಒಂಟಿ ಜೋಡಿ ಪಕ್ಕದ ಕಾರ್ಬೊನೈಲ್‌ಗೆ ಹಂಚಿಹೋಗಿದೆ, ಪ್ರತ್ಯಾಮ್ಲವಲ್ಲ. ಇನ್ನೊಂದು ತೃತೀಯಕ ಅಮೀನ್, ಪಿಕೆಎ 7.9. ನರದ ಪೊರೆಯನ್ನು ದಾಟಲು ಪ್ರೋಟಾನ್ ಇಲ್ಲದ ರೂಪ ಬೇಕು. ಸಾಮಾನ್ಯ ಪಿಎಚ್ 7.4ರಲ್ಲಿ ಅದು ಶೇ 24ರಷ್ಟಿರುತ್ತದೆ. ಉರಿಯೂತದಿಂದ ಪಿಎಚ್ 6.9ಕ್ಕೆ ಇಳಿದರೆ ಶೇ 9, 6.4ಕ್ಕೆ ಇಳಿದರೆ ಶೇ 3. ಮದ್ದು ಅಲ್ಲೇ ಇದೆ, ಒಳಗೆ ಹೋಗಬಲ್ಲ ಪಾಲು ಮಾತ್ರ ಕುಗ್ಗುತ್ತಾ ಬಂದಿದೆ. ಊದಿದ ಜಾಗದಲ್ಲಿ ರಕ್ತದ ಓಡಾಟ ಹೆಚ್ಚಿ ಮದ್ದು ಬೇಗ ಕೊಚ್ಚಿಹೋಗುವುದು ಮತ್ತೊಂದು ಕಾರಣ, ಅದು ರಸಾಯನಶಾಸ್ತ್ರದ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ಅಮಿನೋ ಗುಂಪು ಆರ್ಥೋ ಮತ್ತು ಪ್ಯಾರಾ ಕಡೆಗೇ ದಾರಿ ತೋರಿಸುತ್ತದೆ ಎಂದು ಓದಿದ್ದೇವೆ. ಅನಿಲೀನ್‌ಗೆ ನೇರವಾಗಿ ನೈಟ್ರೇಷನ್ ಮಾಡಿದರೆ (ಉಂಗುರಕ್ಕೆ ನೈಟ್ರೋ ಗುಂಪು ಸೇರಿಸಿದರೆ) ಶೇ 47ರಷ್ಟು ಮೆಟಾ ಏಕೆ?

ಉತ್ತರ: ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದ ಮಿಶ್ರಣದಲ್ಲಿ ನಿಮ್ಮ ಕೈಲಿರುವುದು ಬಹುಪಾಲು ಅನಿಲೀನ್ ಅಲ್ಲ, ಅನಿಲಿನಿಯಂ ಅಯಾನು. ಒಂಟಿ ಜೋಡಿ ಪ್ರೋಟಾನ್‌ಗೆ ಮಾರಾಟವಾಗಿದೆ, ಉಳಿದ ಧನ ಆವೇಶ ಮೆಟಾ ಕಡೆಗೆ ತಳ್ಳುತ್ತದೆ. ಶೇ 51 ಪ್ಯಾರಾ, ಶೇ 2 ಆರ್ಥೋ, ಜತೆಗೆ ಉತ್ಕರ್ಷಣೆಯಿಂದ ಹುಟ್ಟುವ ಕಪ್ಪು ಟಾರು ಬೇರೆ. ಪ್ಯಾರಾ ಬೇಕಿದ್ದರೆ ಮೊದಲು ಅಸಿಟಿಕ್ ಅನ್‌ಹೈಡ್ರೈಡ್‌ನಿಂದ ಅಸಿಟನಿಲೈಡ್ ಮಾಡಿಕೊಳ್ಳಿ. ಒಂಟಿ ಜೋಡಿ ಕಾರ್ಬೊನೈಲ್ ಜತೆ ಅರ್ಧ ಹಂಚಿಕೊಂಡು, ಪ್ರೋಟಾನ್‌ಗೆ ಸುಲಭವಾಗಿ ಸಿಗದಷ್ಟು ಬಿಗಿಯಾಗಿ, ಆದರೆ ಉಂಗುರಕ್ಕೆ ಎಲೆಕ್ಟ್ರಾನ್ ಕೊಡುವಷ್ಟು ಸಡಿಲವಾಗಿ ಉಳಿಯುತ್ತದೆ. ತಣ್ಣಗಿಟ್ಟು ನೈಟ್ರೇಷನ್ ಮಾಡಿ, ಕೊನೆಗೆ ಆಮ್ಲದಲ್ಲಿ ಕುದಿಸಿ ಅಸಿಟೈಲ್ ತೆಗೆದರೆ ಪ್ಯಾರಾ ನೈಟ್ರೋ ಅನಿಲೀನ್ ಸಿಗುತ್ತದೆ. ಅದನ್ನು ಹೊರತೆಗೆಯುವಾಗ ಅದರ ಪಿಕೆಎ 1.0 ಎಂಬುದನ್ನು ಮರೆಯಬೇಡಿ: ಗಾಢ ಆಮ್ಲದಲ್ಲಿ ಕರಗಿ ಕೂತಿರುವ ಹಳದಿ ಪುಡಿ, ಪಿಎಚ್ 1ರ ಆಸುಪಾಸಿನಲ್ಲೇ ಇಳಿಯಲು ಶುರುವಾಗಿ 3 ದಾಟುವಷ್ಟರಲ್ಲಿ ಬಹುಪಾಲು ಇಳಿದಿರುತ್ತದೆ.